ಅಜ್ಜನ ಕಥೆ ಮತ್ತು 48 ಅಂಕಿಗಳ ಕೀಲಿಕೈ

ಒಂದು ಶನಿವಾರ ಬೆಳಗ್ಗೆ ಮೈಸೂರಿನಿಂದ ಅಮ್ಮನ ಫೋನ್. "ಏನೇ, ಪರ್ಸ್ ಕಳೆದುಹೋಯ್ತಾ? ಅರ್ಜೆಂಟಾಗಿ ಎಂಬತ್ತು ಸಾವಿರ ಕಳಿಸು ಅಂತ ಮೇಲ್ ಬಂದಿದೆಯಲ್ಲ!" ಇಲ್ಲಿ ಜರ್ಮನಿಯಲ್ಲಿ ನಾನಿನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.

ಪುಣ್ಯಕ್ಕೆ ಅಮ್ಮ ಹಣ ಕಳಿಸಿರಲಿಲ್ಲ. "ಡಿಯರ್ ಮದರ್ ಅಂತ ಶುರುವಾಗಿತ್ತು. ನೀನು ಯಾವತ್ತು ನನಗೆ ಹಾಗೆ ಬರೆದಿದ್ದೀಯ?" ಅಂದಳು.

ಖಾತೆ ತೆರೆಯಲು ಹೋದರೆ ಪಾಸ್‌ವರ್ಡ್ ಬದಲಾಗಿತ್ತು. ತಪ್ಪು ನನ್ನದೇ: ಅದೇ ಪಾಸ್‌ವರ್ಡನ್ನು ಇನ್ನೂ ನಾಲ್ಕು ಕಡೆ ಬಳಸಿದ್ದೆ. ಗುರುತು ಖಚಿತಪಡಿಸುವ ಕೋಡ್ ಹೋಗುತ್ತಿದ್ದುದು ದೇಶ ಬಿಡುವಾಗ ನಿಲ್ಲಿಸಿದ್ದ ಬೆಂಗಳೂರಿನ ನಂಬರಿಗೆ.

ಅದೇ ವಾರ ಮದರ್‌ಬೋರ್ಡ್ ಬದಲಾಯಿಸಿಕೊಂಡು ಬಂದಿದ್ದ ಲ್ಯಾಪ್‌ಟಾಪ್ ಆನ್ ಮಾಡಿದರೆ ನೀಲಿ ಪರದೆ: 48 ಅಂಕಿಗಳ ರಿಕವರಿ ಕೀ ಕೊಡಿ! ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕಿರುತ್ತದೆ. ಅದನ್ನು ತೆರೆಯುವ ಗುಟ್ಟು ಬೋರ್ಡಿನ ಒಂದು ಚಿಪ್‌ನಲ್ಲಿ ಇರುತ್ತದೆ. ಬೋರ್ಡ್ ಬದಲಾದರೆ ಡಿಸ್ಕ್ ನಮ್ಮನ್ನೇ ಕಳ್ಳರೆಂದುಕೊಳ್ಳುತ್ತದೆ. ಕೀಯ ಪ್ರತಿ ಇದ್ದದ್ದು ಕಳ್ಳನ ಕೈಸೇರಿದ್ದ ಅದೇ ಖಾತೆಯಲ್ಲಿ.

"ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ" ಅಂದರು ಯಜಮಾನರು. ನನ್ನ ಎದೆ ಧಸಕ್ಕೆಂದಿತು. ತೀರಿಕೊಂಡ ನನ್ನ ಅಪ್ಪ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳಿಗೆ ಹೇಳಿದ್ದ ಕಥೆಗಳ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ. ಲ್ಯಾಬಿನ ಡೇಟಾವನ್ನು ಮೂರು ಕಡೆ ಉಳಿಸದೆ ಮನೆಗೆ ಹೊರಡದವಳು ನಾನು. ಅಪ್ಪನ ದನಿಗೆ ಮಾತ್ರ ಒಂದೇ ಪ್ರತಿ!

ಖಾತೆ ಮರಳಿ ಪಡೆಯುವ ಅರ್ಜಿಯಲ್ಲಿ ಹಳೆಯ ಪಾಸ್‌ವರ್ಡ್‌ಗಳು, ಇತ್ತೀಚೆಗೆ ಕಳಿಸಿದ ಮೇಲ್‌ಗಳ ವಿಷಯ, ಎಲ್ಲವನ್ನೂ ನೆನಪಿಸಿಕೊಂಡು ಬರೆದೆ. ಮೊದಲ ಸಲ ತಿರಸ್ಕೃತವಾಯಿತು. ಒಂಬತ್ತನೇ ದಿನ ಖಾತೆ ಸಿಕ್ಕಿತು. ಮಗಳು ಫೋನ್ ನೋಡಿ "ಏಳು, ಸೊನ್ನೆ, ಮೂರು..." ಎಂದು ಓದಿದಳು, ನಾನು ಒತ್ತಿದೆ. ಅಷ್ಟು ಹೊತ್ತು ಕನ್ನಡದಲ್ಲೇ ಅಂಕಿ ಹೇಳಿದ್ದು ಅವಳು ಅದೇ ಮೊದಲು! ಸ್ವಲ್ಪ ಹೊತ್ತಿಗೆ ಅಪ್ಪನ ದನಿ: "ಪುಟ್ಟಕ್ಕಾ, ಕೇಳಿಸ್ತಾ ಇದ್ಯಾ?"

ನಿಮಗೂ ಹೀಗಾದರೆ

• ಮೊದಲು ಬೇರೊಂದು ಫೋನ್ ಅಥವಾ ಕಂಪ್ಯೂಟರಿನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ. ಬ್ಯಾಂಕು, ಶಾಲೆ ಎಲ್ಲದರ ಬೀಗ ತೆರೆಯುವುದು ಇಮೇಲ್‌ನಿಂದಲೇ.

• ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ನಿಮ್ಮ ಮೇಲ್ ಗುಟ್ಟಾಗಿ ಬೇರೆಡೆಗೆ ಫಾರ್ವರ್ಡ್ ಆಗುತ್ತಿದೆಯೇ ನೋಡಿ.

• ಊರಿನವರಿಗೆ ಫೋನ್ ಮಾಡಿಯೇ ತಿಳಿಸಿ. ಅವರು ಹಣ ಕಳಿಸಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ ಭಾರತದ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಲಿ. ಜರ್ಮನಿಯಲ್ಲಿ ಕಾರ್ಡ್ ನಿಲ್ಲಿಸಲು 116 116.

• ರಿಕವರಿ ಕೀ ಸಿಗುವವರೆಗೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಬೇಡಿ.

ಇವತ್ತೇ ಮಾಡಬಹುದಾದದ್ದು: ಖಾತೆಗಳಲ್ಲಿರುವ ಹಳೆಯ ಊರಿನ ನಂಬರ್ ತೆಗೆದುಹಾಕಿ, ಬಳಸದ ನಂಬರ್ ಬೇರೆಯವರ ಪಾಲಾಗಬಹುದು. ಎರಡು ಹಂತದ ಪರಿಶೀಲನೆ ಆನ್ ಮಾಡಿ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಫೋಟೊ, ದನಿಗಳ ಮೂರು ಪ್ರತಿ ಇರಲಿ: ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ನಮ್ಮ ಒಂದು ಹಾರ್ಡ್‌ಡಿಸ್ಕ್ ಈಗ ಅಮ್ಮನ ಬೀರುವಿನಲ್ಲಿದೆ.

ಈ ಸಲ ಇಂಗ್ಲಿಷ್ ಕಂಡು ಅಮ್ಮನಿಗೆ ಅನುಮಾನ ಬಂತು. ಮುಂದಿನ ಸಲ ಕಳ್ಳ ಕನ್ನಡದಲ್ಲೇ ಬರೆಯಬಹುದು, ನಮ್ಮ ದನಿಯನ್ನೇ ಅನುಕರಿಸಬಹುದು. ಅದಕ್ಕೇ ಮನೆಮಂದಿಗೆಲ್ಲ ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದೇವೆ. ಹಣ ಕೇಳಿದವರು ಅದನ್ನು ಹೇಳಲೇಬೇಕು. ಆರಿಸಿದ್ದು ಮಗಳು, ಅಜ್ಜನ ಕಥೆಯೊಂದರಿಂದ. ಯಾವುದೆಂದು ಮಾತ್ರ ಇಲ್ಲಿ ಬರೆಯುವಂತಿಲ್ಲ!