ಕೈಮೇಲಿನ ‘ಎಕ್ಸ್’ ಗುರುತು

ಪ್ರಶ್ನೆ: ಅಮೆರಿಕದ ಸಣ್ಣ ಕ್ಲಬ್‌ಗಳಲ್ಲಿ ರಾಕ್ ಸಂಗೀತ ಕೇಳಲು ಬರುವ ಹದಿಹರೆಯದವರ ಕೈಮೇಲೆ ‘ಎಕ್ಸ್’ ಬರೆಯುವುದೇಕೆ?

ಉತ್ತರ: ಇಂಡೀ ತಂಡಗಳು, ಅಂದರೆ ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದ ತಂಡಗಳು, ಹೆಚ್ಚಾಗಿ ನುಡಿಸುವ ಸಣ್ಣ ಕ್ಲಬ್‌ಗಳ ಆದಾಯದಲ್ಲಿ ಮದ್ಯ ಮಾರಾಟದ ಪಾಲು ದೊಡ್ಡದಾದ್ದರಿಂದ, ಕುಡಿಯುವ ವಯಸ್ಸಾಗದವರನ್ನು ಬಾಗಿಲಲ್ಲೇ ತಡೆಯುವ ರೂಢಿಯಿತ್ತು. 1980ರಲ್ಲಿ ವಾಷಿಂಗ್ಟನ್ ನಗರದ ‘ಟೀನ್ ಐಡಲ್ಸ್’ ಎಂಬ ಎಳೆಯರ ತಂಡ ಸ್ಯಾನ್ ಫ್ರಾನ್ಸಿಸ್ಕೋದ ಮಾಬುಹೇ ಗಾರ್ಡನ್ಸ್ ಕ್ಲಬ್‌ನಲ್ಲಿ ನುಡಿಸಲು ಹೋದಾಗ, ಅಲ್ಲಿಯ ಸಿಬ್ಬಂದಿ ಅವರನ್ನು ಹಿಂದಕ್ಕೆ ಕಳುಹಿಸದೆ, ಮದ್ಯ ಕೊಡಬಾರದೆಂಬ ಸೂಚನೆಯಾಗಿ ಮುಂಗೈಮೇಲೆ ದಪ್ಪ ಕಪ್ಪು ಮಾರ್ಕರ್‌ನಿಂದ ‘ಎಕ್ಸ್’ ಬರೆದು ಒಳಗೆ ಬಿಟ್ಟರು. ಊರಿಗೆ ಮರಳಿದ ತಂಡ ಇದೇ ಉಪಾಯವನ್ನು ಅಲ್ಲಿನ ಕ್ಲಬ್‌ಗಳಿಗೆ ಸೂಚಿಸಿತು. ಆಗ ಎಫ್ ಬೀದಿಯಲ್ಲಿದ್ದ ಇಕ್ಕಟ್ಟಾದ 9:30 ಕ್ಲಬ್ ಅದನ್ನು ಒಪ್ಪಿಕೊಂಡವುಗಳಲ್ಲಿ ಒಂದು.

ತಂಡದ ಇಯಾನ್ ಮೆಕೇ ಮತ್ತು ಗೆಳೆಯರು ಸ್ಥಾಪಿಸಿದ ‘ಡಿಸ್ಕಾರ್ಡ್’ ಸಂಸ್ಥೆಯ ಮೊದಲ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅಡ್ಡಲಾಗಿ ಹಿಡಿದ, ‘ಎಕ್ಸ್’ ಬರೆದ ಎರಡು ಮುಷ್ಟಿಗಳಿವೆ. ನಿರ್ಬಂಧದ ಗುರುತನ್ನು ಹೆಮ್ಮೆಯ ಲಾಂಛನವಾಗಿಸಿದ ಈ ಹೊದಿಕೆ ಅಪೂರ್ವವಾದುದು. ಮುಂದೆ ಮದ್ಯ, ಮಾದಕವಸ್ತುಗಳನ್ನು ಸ್ವಇಚ್ಛೆಯಿಂದ ತ್ಯಜಿಸಿದ ‘ಸ್ಟ್ರೇಟ್ ಎಡ್ಜ್’ ಯುವಕರೂ ಅದೇ ಗುರುತನ್ನು ತಮ್ಮದಾಗಿಸಿಕೊಂಡರು. ಮೆಕೇ 1987ರಿಂದ ನುಡಿಸಿದ ‘ಫುಗಾಜಿ’ ತಂಡವಂತೂ ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕು, ಟಿಕೆಟ್ ದರ ಸುಮಾರು 5 ಡಾಲರ್ ಮೀರಬಾರದು ಎಂಬ ನಿಲುವನ್ನು ವರ್ಷಗಟ್ಟಲೆ ಕಾಪಾಡಿಕೊಂಡಿತು.