ಅಂಗಳದಲ್ಲೇ ಇದೆ ಆಟದ ಸಾಮಾನು

ಕೇರಳದ ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳು ಬೇಸಿಗೆ ರಜೆ. ದೊಡ್ಡ ಮಕ್ಕಳಿಗೆ ಈ ದಿನಗಳಲ್ಲಿ ಅಜ್ಜನ ಮನೆಯಿದೆ, ಮಾವಿನ ಮರವಿದೆ, ಗೆಳೆಯರ ದಂಡಿದೆ. ಆದರೆ ಒಂದೂವರೆಯಿಂದ ಮೂರು ವರ್ಷದೊಳಗಿನ ಪುಟ್ಟ ಮಕ್ಕಳ ಪಾಡೇನು? ಅವರಿಗೆ ರಜೆಯೆಂಬುದಿಲ್ಲ, ಶಾಲೆಯೆಂಬುದೂ ಇಲ್ಲ. ಎದ್ದಾಗಿನಿಂದ ಮಲಗುವವರೆಗೆ ಕೈಗೆ ಏನಾದರೊಂದು ಬೇಕು. ಸೆಕೆಯ ದಿನಗಳಲ್ಲಿ ರಚ್ಚೆಯೂ ಹೆಚ್ಚು. ಅಡುಗೆಯ ಗಡಿಬಿಡಿಯಲ್ಲಿರುವ ತಾಯಿ ಮೊಬೈಲನ್ನು ಮಗುವಿನ ಕೈಗಿತ್ತರೆ ಮನೆ ತಣ್ಣಗಾಗುತ್ತದೆ. ಮಗು ಸುಮ್ಮನಾಯಿತು, ನಿಜ. ಅದರೊಂದಿಗೆ ಮಾತೂ ಸುಮ್ಮನಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎಳೆಯ ಮಕ್ಕಳ ಬಗ್ಗೆ ಸೂಚನೆಗಳನ್ನು ಹೊರಡಿಸಿತು. ಎರಡು ವರ್ಷ ತುಂಬದ ಮಗುವನ್ನು ಪರದೆಯ ಮುಂದೆ ಕೂರಿಸುವುದೇ ಬೇಡ. ಎರಡು ತುಂಬಿದ ಮೇಲೆಯೂ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷ ದಾಟಿದ ಮಗು ದಿನದಲ್ಲಿ 180 ನಿಮಿಷವಾದರೂ ಓಡಾಡಿಕೊಂಡಿರಬೇಕು ಎಂಬುದು ಅದರ ಸಲಹೆ.

ನಮ್ಮ ಕಾಸರಗೋಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಪುಸ್ತಕದ ಪದ ಗೊತ್ತು, ಅಂಗಳದ ಪದ ಗೊತ್ತಿಲ್ಲ. ‘ದ್ಯುತಿಸಂಶ್ಲೇಷಣೆ’ ಎಂದು ತಪ್ಪಿಲ್ಲದೆ ಬರೆಯುವ ಹುಡುಗ ಎಲೆಯ ತೊಟ್ಟು ಯಾವುದೆಂದು ಕೇಳಿದರೆ ತಡವರಿಸುತ್ತಾನೆ. ತೊಟ್ಟು, ಗರಿ, ನಾರು, ಗೆರಟೆ ಇವೆಲ್ಲ ಹೈಸ್ಕೂಲಿನಲ್ಲಿ ಕಲಿಸುವ ಪದಗಳಲ್ಲ. ಎರಡು ವರ್ಷದ ಮಗು ವಸ್ತುವನ್ನು ಮುಟ್ಟಿ, ಎಳೆದು, ಹರಿದು ಕಲಿಯಬೇಕಾದವು. ಅದಕ್ಕೆ ಖರ್ಚೇನೂ ಇಲ್ಲ. ಸಾಮಾನೆಲ್ಲ ತೋಟದಲ್ಲೇ ಬಿದ್ದಿದೆ.

ಹರಿಯುವ ಕೆಲಸ

ಮೊದಲು ತಿಳಿಯಬೇಕಾದ ಮಾತೊಂದಿದೆ. ಈ ವಯಸ್ಸಿನ ಮಗು ಚೆಂದದ ವಸ್ತುವನ್ನು ಮಾಡಲಾರದು. ಹರಿಯುವುದು, ಸುರಿಯುವುದು, ಒತ್ತುವುದು, ತುಂಬಿ ಖಾಲಿ ಮಾಡುವುದು ಇಷ್ಟೇ ಅದಕ್ಕೆ ತಿಳಿದಿರುವ ಕಸುಬು. ಹಾಗಾದರೆ ಅದನ್ನೇ ಮಾಡಿಸೋಣ.

ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಒಂದು ಹಾಳೆಯನ್ನು ಮಗುವಿನ ಕೈಗೆ ಕೊಡಿ, ಸಂಪಾದಕರು ಬೇಸರಿಸಲಾರರು. ‘ಪರ್ರ್’ ಎಂದು ಹರಿಯುವ ಸದ್ದೇ ಅದಕ್ಕೆ ಹಬ್ಬ. ಒಂದು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕುದಿಸಿ ಆರಿಸಿದರೆ ಅಂಟು ಸಿದ್ಧ. ಒಣಗಿದ ಅಡಿಕೆ ಹಾಳೆಯ ಒಳಮೈಗೆ ಆ ಚೂರುಗಳನ್ನು ಮಗುವೇ ಅಂಟಿಸಲಿ. ಎಲ್ಲಿ ಬೇಕಾದರೂ ಅಂಟಲಿ, ಸೊಟ್ಟಗಿರಲಿ. ಮುದ್ರಣದ ಶಾಯಿ ಬಾಯಿಗೆ ಹೋಗದಂತೆ ನೋಡಿಕೊಂಡು, ಕೊನೆಗೆ ಕೈ ತೊಳೆಸಿದರಾಯಿತು.

ನೀರಿನ ಚಿತ್ರ

ಅಡಿಕೆ ಸಿಪ್ಪೆಯ ಒಂದು ತುದಿಯನ್ನು ಜಜ್ಜಿ ನಾರು ಬಿಡಿಸಿದರೆ ಒಳ್ಳೆಯ ಕುಂಚವಾಗುತ್ತದೆ. ಗೆರಟೆಯಲ್ಲಿ ನೀರು. ಮುರಕಲ್ಲಿನ ಮೆಟ್ಟಿಲು ಅಥವಾ ಕಟ್ಟೆಯೇ ಚಿತ್ರದ ಹಲಗೆ. ಒಣಗಿದ ಕಲ್ಲಿಗೆ ನೀರು ಬಳಿದರೆ ಗಾಢ ಕೆಂಪು ಬಣ್ಣ ಮೂಡುತ್ತದೆ. ಬಿಸಿಲಿಗೆ ಐದು ನಿಮಿಷದಲ್ಲಿ ಮಾಯವಾಗುತ್ತದೆ. “ಎಲ್ಲಿ ಹೋಯಿತು ಪುಟ್ಟಾ?” ಎಂದು ಕೇಳಿ. ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ನೀರು ಆವಿಯಾಗುವುದನ್ನು ಮಗು ಕಣ್ಣಾರೆ ಕಂಡಿತು. ಹೆಸರನ್ನು ಮುಂದೆ ಯಾವಾಗಲಾದರೂ ಕಲಿಯಲಿ.

ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಹಾಕಿ ಗೆರಟೆ, ಮಾವಿನ ಎಲೆ, ಚಮಚ, ಕಲ್ಲು ಇವುಗಳನ್ನು ಒಂದೊಂದಾಗಿ ಬಿಡಿಸಬಹುದು. ‘ತೇಲಿತು’, ‘ಮುಳುಗಿತು’ ಎಂಬ ಎರಡೇ ಮಾತಿನಲ್ಲಿ ಅರ್ಧ ಗಂಟೆ ಸಾಗುತ್ತದೆ. ಆದರೆ ನೀರಿನ ಬಳಿ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಬಕೆಟ್ಟಿನ ತಳದ ಸ್ವಲ್ಪ ನೀರೂ ಈ ವಯಸ್ಸಿಗೆ ಪ್ರಾಣಾಪಾಯ. ಆಟ ಮುಗಿದೊಡನೆ ಪಾತ್ರೆ ಮಗುಚಿಡಿ.

ಅಚ್ಚು ಮತ್ತು ಬಣ್ಣ

ಬಲಿತ ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಐದೆಸಳಿನ ಹೂವಿನ ಅಚ್ಚು ಸಿಗುತ್ತದೆ. ಕೆಲವು ತಳಿಗಳಲ್ಲಿ ಏಳೆಂಟು ಎಸಳೂ ಇರುವುದುಂಟು. ಅರಿಶಿನ ಕಲಸಿದ ನೀರು ಹಳದಿ, ಬೀಟ್‌ರೂಟಿನ ರಸ ಕೆಂಪು. ಅದ್ದಿ ಕಾಗದಕ್ಕೆ ಒತ್ತುವುದಷ್ಟೇ ಮಗುವಿನ ಕೆಲಸ. ಅರಿಶಿನದ ಅಚ್ಚು ಒಣಗಿದ ಮೇಲೆ ನೀವು ಅದರ ಮೇಲೆ ಸಾಬೂನು ನೀರಿನ ಬೆರಳು ಎಳೆಯಿರಿ, ಹಳದಿ ಕೆಂಪಾಗುತ್ತದೆ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಆಮ್ಲ, ಪ್ರತ್ಯಾಮ್ಲದ ಪಾಠವೂ ಜೊತೆಯಲ್ಲೇ ಆಯಿತು. ಸುಣ್ಣದಿಂದಲೂ ಹೀಗಾಗುತ್ತದೆ, ಆದರೆ ಅದು ಕಣ್ಣಿಗೆ ಬಿದ್ದರೆ ಕೇಡು. ಮಗುವಿರುವಲ್ಲಿ ಸುಣ್ಣ ಬೇಡ.

ಓಲೆ, ಎಲೆ, ಹೂ

ತೆಂಗಿನ ಓಲೆಯ ಗಿರಗಿಟ್ಲೆ, ಪೀಪಿ, ಚೆಂಡು ಇವುಗಳನ್ನು ಕಟ್ಟಬಲ್ಲ ಕೈ ಈಗಲೂ ಹೆಚ್ಚಿನ ಮನೆಗಳಲ್ಲಿದೆ. ಅದು ಅಜ್ಜನ ಕೈ. ಅವರನ್ನು ಕರೆದು ಕೂರಿಸಿ. ಓಲೆಯನ್ನು ಸೀಳುವಾಗ ಮಗು ಪಕ್ಕದಲ್ಲಿ ಕುಳಿತು ನೋಡಲಿ. ಕಡ್ಡಿಯ ಮೊನೆ ಚುಚ್ಚುವುದರಿಂದ ಕಟ್ಟುವ ಕೆಲಸ ದೊಡ್ಡವರದೇ. ಚೆಂಡನ್ನು ಉರುಳಿಸಿ ತರುವುದು ಮಗುವಿನದು.

ಹಲಸಿನ ಎಲೆಯನ್ನು ಕೋನವಾಗಿ ಸುತ್ತಿ, ಅದರ ತೊಟ್ಟಿನಿಂದಲೇ ಸಿಕ್ಕಿಸಿದರೆ ಗಂಜಿ ಕುಡಿಯುವ ಚಮಚ. ಊಟ ಮಾಡಲು ಹಟ ಹಿಡಿಯುವ ಮಗುವೂ ಅದರಲ್ಲಿ ಎರಡು ತುತ್ತು ಹೆಚ್ಚು ಉಂಡೀತು. ಗುಡ್ಡೆಯಲ್ಲಿ ಅರಳುವ ಕೇಪಳ ಹೂವಿನ ಸಪೂರ ಕೊಳವೆಯನ್ನು ಇನ್ನೊಂದು ಹೂವಿನ ಬಾಯಿಗೆ ಸಿಕ್ಕಿಸುತ್ತ ಹೋದರೆ ಬಳೆಯಾಗುತ್ತದೆ. ಮೂರರ ಹತ್ತಿರದ ಮಕ್ಕಳ ಬೆರಳಿಗೆ ಇದು ಒಳ್ಳೆಯ ಅಭ್ಯಾಸ. ಮುಂದೆ ಪೆನ್ಸಿಲು ಹಿಡಿಯುವುದೂ ಅದೇ ಬೆರಳು ತಾನೇ?

ಕೊನೆಯದಾಗಿ ಎಲ್ಲರಿಗೂ ಗೊತ್ತಿರುವ ಹಾಳೆಯ ಗಾಡಿ. ಸೋಗೆ ಸಮೇತ ಬಿದ್ದ ಹಾಳೆಯಲ್ಲಿ ಮಗುವನ್ನು ಕೂರಿಸಿ ಅಣ್ಣನೋ ಅಕ್ಕನೋ ಮೆಲ್ಲನೆ ಎಳೆದರಾಯಿತು. ಕಲ್ಲಿಲ್ಲದ ಅಂಗಳವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಆಡಿಸಿದರೆ ಬಿಸಿಲು ತಾಗದು.

ಇವುಗಳನ್ನು ದೂರವಿಡಿ

ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೆ, ಇಲ್ಲವೇ ಮೂಗಿಗೆ. ಹುಣಸೆಬೀಜ, ಕಡಲೆ, ಮಂಜಟ್ಟಿ ಕಾಳು ಮುಂತಾದ ಸಣ್ಣ ವಸ್ತುಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಗುಲಗಂಜಿಯಂತೂ ವಿಷ, ಜಗಿದರೆ ಪ್ರಾಣಕ್ಕೇ ಅಪಾಯ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಕಾಸರಕದ ಹಣ್ಣು ನೋಡಲು ಕಿತ್ತಳೆಯಂತೆ ಚೆಂದ, ಬೀಜ ಮಾತ್ರ ಘೋರ ವಿಷ. ನಮ್ಮೂರಿನ ಹೆಸರು ಆ ಮರದಿಂದಲೇ ಬಂದಿತೆಂದು ಹೇಳುವವರಿದ್ದಾರೆ. ಹೆಸರು ಊರಿಗಿರಲಿ, ಕಾಯಿ ಮಗುವಿನ ಕೈಗೆ ಬಾರದಿರಲಿ.

ಯಾವ ಭಾಷೆಯಲ್ಲಿ ಆಡಿಸಬೇಕು?

ಅನೇಕ ತಾಯಂದಿರ ಸಂದೇಹ ಇದು. ನಮ್ಮಲ್ಲಿ ಮನೆಮಾತು ತುಳುವಿರಬಹುದು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಮಲಯಾಳ ಯಾವುದೂ ಇರಬಹುದು. ಮನೆಮಾತನ್ನು ಬಿಡುವುದು ಖಂಡಿತ ಬೇಡ. ಅದರಲ್ಲೇ ಮುದ್ದು ಮಾಡಿ, ಅದರಲ್ಲೇ ಗದರಿಸಿ. ಆಡುವ ವಸ್ತುವಿಗೆ ಮಾತ್ರ ಕನ್ನಡದ ಹೆಸರನ್ನೂ ಜೊತೆಗೆ ಹೇಳಿ. ತುಳುವಿನ ಪಾಳೆ, ಮಲಯಾಳದ ಪಾಳ, ಕನ್ನಡದ ಹಾಳೆ ಮೂರೂ ಒಂದೇ ಬೇರಿನವು. ಪೂ, ಪೂವ್, ಹೂ ಕೂಡ ಹಾಗೆಯೇ. ಎಳೆಯ ಮಗುವಿಗೆ ಮೂರು ಹೆಸರು ಹೊರೆಯಲ್ಲ, ಹೊರೆಯೆನಿಸುವುದು ನಮಗೆ.

ಮೂರು ತುಂಬಿದರೆ ಮಗು ಅಂಗನವಾಡಿಗೆ ಹೋಗುತ್ತದೆ. ಅಲ್ಲಿ ಯಾವ ಭಾಷೆ ಕಿವಿಗೆ ಬೀಳುವುದೋ ನಮ್ಮ ಕೈಯಲ್ಲಿಲ್ಲ. ಆರನೆಯ ವರ್ಷಕ್ಕೆ ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಚರ್ಚೆ ಮನೆಯಲ್ಲಿ ಏಳುತ್ತದೆ. ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಸಭೆಗಳಲ್ಲಿ ನಾವು ಮರುಗುತ್ತೇವೆ. ಮರುಗುವುದರಿಂದ ಬೆಂಚು ತುಂಬುವುದಿಲ್ಲ. ಒಂದನೆಯ ತರಗತಿಗೆ ಬಂದು ಕೂರುವ ಮಗುವಿಗೆ ಕನ್ನಡ ಹೊಸತೆನಿಸದಿರಬೇಕಾದರೆ, ಅದರ ಬೆರಳಿಗೆ ಆ ಪದಗಳ ಪರಿಚಯ ಮೊದಲೇ ಆಗಿರಬೇಕು.

ದಿನಕ್ಕೆ ಹದಿನೈದು ನಿಮಿಷ ಸಾಕು. ಬೀಡಿ ಕಟ್ಟುವ ತಾಯಿಗೂ, ಕಚೇರಿಗೆ ಹೋಗುವ ತಂದೆಗೂ ಅಷ್ಟು ಹೊತ್ತು ಸಿಕ್ಕೀತು. ಅವರಿಗೆ ಬಿಡುವಾಗದ ದಿನ ಅಜ್ಜಿಯಿದ್ದಾರೆ. ನಾಳೆ ಬೆಳಿಗ್ಗೆ ತೋಟದಲ್ಲಿ ಬಿದ್ದ ಹಾಳೆಯೊಂದನ್ನು ಒಲೆಗೆ ಹಾಕದೆ ಅಂಗಳಕ್ಕೆ ಎಳೆದು ತನ್ನಿ. ಮಿಕ್ಕ ಕೆಲಸವನ್ನು ಮಗುವೇ ಮಾಡುತ್ತದೆ.