ಮಳೆಗಾಲದ ದಾರಿಗೆ ಊರಿನದೇ ಒಂದು ಪಟ್ಟಿ

2022ರ ಆಗಸ್ಟ್ ಒಂದರ ರಾತ್ರಿಯನ್ನು ನಮ್ಮ ಸುಳ್ಯ ಕಡೆಯವರು ಮರೆಯುವುದಿಲ್ಲ. ಸುಬ್ರಹ್ಮಣ್ಯ, ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು ಕಡೆಯೆಲ್ಲ ಹೊಳೆ ಉಕ್ಕಿ ಬಂದಿತ್ತು. ತೇಲಿ ಬಂದ ಮರಗಳು ಸೇತುವೆಗೆ ಅಡ್ಡ ನಿಂತು ನೀರು ತೋಟ, ಅಂಗಡಿಗಳಿಗೆ ನುಗ್ಗಿತ್ತು.

ನಮ್ಮದು ಪೇಪರಿನಲ್ಲಿ ಬಂದ ಊರಲ್ಲ. ಹನ್ನೊಂದು ಮನೆ, ಒಂದು ಮಣ್ಣಿನ ರಸ್ತೆ, ನಡುವೆ ಒಂದು ತೋಡು, ತೋಡಿಗೊಂದು ಮೋರಿ. ಆ ರಾತ್ರಿ ಒಂಬತ್ತು ಗಂಟೆಗೆ ಆಚೆಮನೆಯ ಅಕ್ಕ ಟಾರ್ಚ್ ಹಿಡಿದು ಓಡಿಬಂದರು. "ಇವರ ಬಾಯಿ ಒಂದು ಬದಿಗೆ ಎಳೀತಾ ಉಂಟು. ಬಲಗೈ ಎತ್ತಲಿಕ್ಕೆ ಆಗುದಿಲ್ಲ. ಒಮ್ಮೆ ಬನ್ನಿ ಅಣ್ಣಾ."

ಜೀಪು ತೆಗೆದೆವು. ಮೋರಿಯ ಹತ್ತಿರ ಬಂದರೆ ರಸ್ತೆಯೇ ಇಲ್ಲ! ಪೈಪಿನ ಬಾಯಿಗೆ ಸೋಗೆ, ಗೆಲ್ಲು ಸಿಕ್ಕಿ ನೀರು ರಸ್ತೆಯ ಮೇಲೆ ಹರಿದು ಹನ್ನೆರಡು ಅಡಿ ಅಗಲಕ್ಕೆ ಕಡಿದುಕೊಂಡು ಹೋಗಿತ್ತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು, ಗುಡ್ಡೆ ಸುತ್ತಿ ಡಾಮರು ರಸ್ತೆ ಮುಟ್ಟುವಾಗ ರಾತ್ರಿ ಹನ್ನೆರಡೂವರೆ. ಮಂಗಳೂರಿನ ಆಸ್ಪತ್ರೆ ತಲುಪುವಾಗ ಬೆಳಗಿನ ಜಾವ ನಾಲ್ಕು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹೀಗಾದರೆ ಅದನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಂತೆ. ನಾವು ಏಳು ಗಂಟೆ ಕಳೆದಿದ್ದೆವು. ಜೀವ ಉಳಿಯಿತು. ಬಲಗೈ ಮಾತ್ರ ಬರಲಿಲ್ಲ. ಊರಿನಲ್ಲಿ ಅವರಷ್ಟು ವೇಗವಾಗಿ ಅಡಿಕೆ ಸುಲಿಯುವವರು ಇರಲಿಲ್ಲ.

ಮೋರಿಯ ಲೆಕ್ಕ

ವಾರ ಪೂರ್ತಿ ಪಂಚಾಯತನ್ನು ಬೈದೆ. ಆಮೇಲೆ ಒಂದು ದಿನ ಟೇಪು ಹಿಡಿದು ತೋಡಿಗೆ ಇಳಿದೆ. ಮೋರಿಯಲ್ಲಿದ್ದದ್ದು ಒಂದಡಿಯ ಎರಡು ಪೈಪು. ಅದು ಸಾಕೇ? ನೀರಾವರಿ ಪೈಪು ಹಾಕಿದವರಿಗೆಲ್ಲ ಈ ಲೆಕ್ಕ ಬರುತ್ತದೆ.

ಒಂದು ಎಕ್ರೆಗೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ನಮ್ಮ ತೋಡಿಗೆ ನೀರು ಇಳಿಯುವ ಗುಡ್ಡೆ ಸುಮಾರು 50 ಎಕ್ರೆ. ಜೋರು ಮಳೆಯಲ್ಲಿ 50 ಮಿ.ಮೀ. ಒಂದೇ ಗಂಟೆಯಲ್ಲಿ ಬೀಳುವುದುಂಟು. ಅಂದರೆ ಒಟ್ಟು 1 ಕೋಟಿ ಲೀಟರ್. ಅರ್ಧ ಇಂಗಿತು, ಅರ್ಧ ಮಾತ್ರ ಹರಿಯಿತು ಎಂದರೂ ಸೆಕೆಂಡಿಗೆ ಸುಮಾರು 1400 ಲೀಟರ್. ಆಟಿಯಲ್ಲಿ ಮಣ್ಣು ನೀರು ಕುಡಿದು ಹೊಟ್ಟೆ ತುಂಬಿರುವಾಗ ಅರ್ಧಕ್ಕಿಂತಲೂ ಹೆಚ್ಚು ಹರಿಯುತ್ತದೆ.

ಒಂದಡಿಯ ಪೈಪಿನಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೆ ಹೊರಗೆ ಬೀಳುವುದು ಸುಮಾರು 140 ಲೀಟರ್. ಎರಡು ಪೈಪಿಗೆ 280. ಬರುವುದು 1400, ಹೋಗುವುದು 280! ಮೋರಿ ಒಡೆಯದೆ ಇನ್ನೇನಾದೀತು?

ಇನ್ನೊಂದು ತಪ್ಪು ಎಣಿಕೆ ನಮ್ಮಲ್ಲುಂಟು. ಒಂದಡಿಯ ಎರಡು ಪೈಪು ಇಟ್ಟರೆ ಎರಡಡಿಯ ಒಂದು ಪೈಪಿಗೆ ಸಮ ಎಂದು. ಹಾಗಲ್ಲ. ಪೈಪಿನ ಅಗಲ ಇಮ್ಮಡಿ ಆದರೆ ಬಾಯಿಯ ವಿಸ್ತೀರ್ಣ ನಾಲ್ಕು ಪಾಲು. ಅದಲ್ಲದೆ ಸಣ್ಣ ಬಾಯಿಗೆ ಒಂದು ಸೋಗೆ ಅಡ್ಡ ನಿಂತರೂ ಸಾಕು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಚೌಕ ಮೋರಿಯಾದರೆ ಅರ್ಧ ತುಂಬುವಾಗಲೇ ಈ 1400 ಲೀಟರ್ ದಾಟುತ್ತದೆ. ಮೇಲಿನ ಅರ್ಧ ಕಸಕಡ್ಡಿಗೆ ಬಿಟ್ಟದ್ದು ಎಂದಿಟ್ಟುಕೊಳ್ಳಿ. ಇದು ರೈತನ ಒರಟು ಲೆಕ್ಕ. ಅಂತಿಮ ಅಳತೆ ಇಂಜಿನಿಯರರದ್ದೇ. ಆದರೆ ಅವರ ಎದುರು ಕೂರುವಾಗ ಕೈಯಲ್ಲಿ ಲೆಕ್ಕ ಇದ್ದರೆ ಮಾತಿಗೆ ತೂಕ.

ನನ್ನ ಪಾಲಿನ ತಪ್ಪು

ಅಳತೆ ಮಾಡುವಾಗ ಮತ್ತೊಂದು ಸತ್ಯ ಹೊರಗೆ ಬಂತು. ಮೋರಿಯ ಕೆಳಗೆ ತೋಡು ಏಳಡಿ ಇದ್ದದ್ದು ನಾಲ್ಕಡಿ ಆಗಿತ್ತು. ಒಳಗೆ ತಂದವನು ನಾನೇ. ಹತ್ತು ವರ್ಷ ಹಿಂದೆ ಎರಡು ಸಾಲು ಅಡಿಕೆ ಹೆಚ್ಚು ಸಿಗುತ್ತದೆಂದು ಮೂರಡಿ ಒತ್ತಿ ಕಲ್ಲು ಕಟ್ಟಿದ್ದೆ. ಕೆಳಗೆ ಕಿರಿದಾದರೆ ನೀರು ಮೇಲಕ್ಕೆ ಒತ್ತುತ್ತದೆ. ಪೈಪಿನ ಬಾಯಿಗೆ ಸಿಕ್ಕಿದ ಸೋಗೆಯೂ ನಮ್ಮ ತೋಟಗಳದ್ದೇ. ಪಂಚಾಯತು ಮೋರಿ ಸಣ್ಣದು ಮಾಡಿತು ಹೌದು. ತೋಡು ಸಣ್ಣದು ಮಾಡಿದ್ದು ನಾವು. ಮರುವರ್ಷ ಬೇಸಿಗೆಯಲ್ಲಿ ಆ ಕಟ್ಟ ತೆಗೆಸಿದೆ. ಮೂವತ್ತೆಂಟು ಮರ ಹೋಯಿತು. ಫಸಲು ಕೊಡುವ ಮರಕ್ಕೆ ಕೊಡಲಿ ಹಾಕುವುದು ಸುಲಭವಲ್ಲ ಮಾರಾಯ್ರೆ. ಆದರೆ ಅದಾದ ಮೇಲೆ ಬೇರೆಯವರ ಹತ್ತಿರ ತೋಡು ಬಿಡಿಸಿ ಎನ್ನುವ ಬಾಯಿ ನನಗೆ ಬಂತು.

ಕಾನೂನಿನಲ್ಲಿ ಏನುಂಟು?

2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ ಇರುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. ಜಿಲ್ಲೆಯ ಯೋಜನೆ ಮಾತ್ರ ಇದ್ದರೆ ಸಾಲದು, ಸ್ಥಳೀಯ ಸಂಸ್ಥೆಗಳೂ ತಮ್ಮ ತಮ್ಮ ಯೋಜನೆ ಬರೆಯಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು, ಬೇಕಾದ ಸಾಮಾನು ತಯಾರಿಟ್ಟುಕೊಳ್ಳಬೇಕು ಎಂದು ಆ ಕಾಯಿದೆಯಲ್ಲೇ ಬರೆದಿದೆ. ನಮ್ಮ ನೆರೆಯ ಕೇರಳದಲ್ಲಿ 2018, 2019ರ ನೆರೆ ಕಂಡ ಮೇಲೆ 2020ರಲ್ಲಿ ಪಂಚಾಯತುಗಳೆಲ್ಲ ಇಂಥ ಯೋಜನೆ ಬರೆಯುವ ಆಂದೋಲನವೇ ನಡೆಯಿತು. ಕಾಸರಗೋಡಿನ ಓದುಗರಿಗೆ ಇದು ಗೊತ್ತಿರಬಹುದು.

ನಮ್ಮಲ್ಲಿ ರಸ್ತೆಯದ್ದು ಒಂದು ಫೈಲು, ವಿಪತ್ತಿನದ್ದು ಇನ್ನೊಂದು ಫೈಲು. ಹಳ್ಳಿಯಲ್ಲಿ ಎರಡೂ ಒಂದೇ. ಮಳೆಗಾಲದಲ್ಲಿ ಜೀವ ಹೋಗುವುದು ನೀರಿನಿಂದ ಮಾತ್ರ ಅಲ್ಲ, ದಾರಿ ಇಲ್ಲದೆ ಕೂಡ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದಾಗ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತು. ಅಲ್ಲಿಯ ಜನ ಕೆಳಗೆ ಸಂಪಾಜೆ, ಅರಂತೋಡು ಕಡೆ ಬಂದು ಉಳಿಯಬೇಕಾಯಿತು. 2022ರ ಆಗಸ್ಟಿನಲ್ಲೇ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಒಂದು ಕಡೆ ರಾಷ್ಟ್ರೀಯ ಹೆದ್ದಾರಿ, ಇನ್ನೊಂದು ಕಡೆ ಕಾಲುಸಂಕ. ಎಲ್ಲಿ ಮೊದಲು ಕಡಿಯುತ್ತದೆ, ಕಡಿದರೆ ಆಚೆ ಯಾರು ಉಳಿಯುತ್ತಾರೆ ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ನಾವು ಮಾಡಿದ ಪಟ್ಟಿ

ಹನ್ನೊಂದು ಮನೆಯವರೂ ಸೇರಿ ಒಂದು ಭಾನುವಾರ ರಸ್ತೆಯ ಉದ್ದಕ್ಕೂ ನಡೆದೆವು. ಶಾಲೆಯ ನೋಟ್ ಪುಸ್ತಕದಲ್ಲಿ ಬರೆದದ್ದು ಇಷ್ಟು:

1. ಕಡಿಯುವ ಜಾಗ: ಮೋರಿ, ಸಂಕ, ಬರೆ ಜರಿಯುವ ತಿರುವು, ರಸ್ತೆಗೆ ವಾಲಿದ ಮರ. ಪ್ರತಿಯೊಂದಕ್ಕೂ ಒಂದು ನಂಬ್ರ, ಈಗಿನ ಅಳತೆ, ಯಾವ ಯಾವ ವರ್ಷ ಕಡಿದಿದೆ ಎಂಬುದು.

2. ಆಚೆ ಇರುವವರು: ಎಷ್ಟು ಮನೆ, ಎಷ್ಟು ಮಂದಿ. ಹಾಸಿಗೆ ಹಿಡಿದವರು, ಬಸುರಿಯರು, ಡಯಾಲಿಸಿಸಿಗೆ ಹೋಗುವವರು, ಹೊಳೆ ದಾಟುವ ಶಾಲೆ ಮಕ್ಕಳು. ಡಿಪೋಗೆ ಹೋಗುವ ಹಾಲು ಎಷ್ಟು ಲೀಟರ್ ಎಂಬುದನ್ನೂ ಬರೆದೆವು.

3. ಬದಲಿ ದಾರಿ: ಇದೇ ಕಷ್ಟದ್ದು. ದಾರಿ ಯಾರದ್ದಾದರೂ ತೋಟದೊಳಗಿಂದಲೇ ಹೋಗಬೇಕು. ಒಬ್ಬರು ಸುತಾರಾಂ ಒಪ್ಪಲಿಲ್ಲ. "ಇವತ್ತು ಕಾಲುದಾರಿ ಅಂತೀರಿ, ನಾಳೆ ಜೀಪು ಬಿಡ್ತೀರಿ" ಅಂದರು. ಅವರ ಹೆದರಿಕೆ ಸುಳ್ಳಲ್ಲ. ಕೊನೆಗೆ "ಮಳೆಗಾಲದಲ್ಲಿ, ರಸ್ತೆ ಕಡಿದಾಗ, ಕಾಲ್ನಡೆಗೆ ಮಾತ್ರ, ಹಕ್ಕಿನ ಪ್ರಶ್ನೆ ಇಲ್ಲ" ಎಂದು ಕಾಗದ ಬರೆದು ಎಲ್ಲರೂ ಸಹಿ ಹಾಕಿದ ಮೇಲೆ ಒಪ್ಪಿದರು.

4. ಸಾಮಾನು ಮತ್ತು ಜನ: ನೂರಡಿ ಹಗ್ಗ, ಮರ ಕೊಯ್ಯುವ ಮಿಷನ್, ಖಾಲಿ ಗೋಣಿ, ಕೈ ಇರುವ ಗಟ್ಟಿ ಕುರ್ಚಿ ಯಾರ ಮನೆಯಲ್ಲಿದೆ, ಜೆಸಿಬಿ ಯಾರದ್ದು, ತೋಡಿನ ಎರಡೂ ಬದಿಯಲ್ಲಿ ಯಾರ ಯಾರ ವಾಹನ ಉಂಟು. ನಮ್ಮ ಜೀಪುಗಳೆಲ್ಲ ಈಚೆಗೇ ಇದ್ದವು! ಈಗ ಜೂನ್ ಬಂದರೆ ಒಂದು ಜೀಪು ಆಚೆ ನಿಲ್ಲುತ್ತದೆ. 108, 112, ಜಿಲ್ಲೆಯ ವಿಪತ್ತು ಸಹಾಯವಾಣಿ 1077 – ಇವನ್ನು ಪ್ರತಿ ಮನೆಯ ಗೋಡೆಗೆ ಅಂಟಿಸಿದ್ದೇವೆ.

5. ಎದ್ದು ಹೋಗುವ ಸೂಚನೆ: ಹವಾಮಾನ ಇಲಾಖೆ 24 ಗಂಟೆಯಲ್ಲಿ 115.6 ಮಿ.ಮೀ. ದಾಟಿದರೆ ಅತಿ ಭಾರೀ ಮಳೆ, 204.5ರಿಂದ ಮೇಲೆ ಅತ್ಯಂತ ಭಾರೀ ಮಳೆ ಎನ್ನುತ್ತದೆ. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲೇ ಮಳೆ ಅಳೆಯುವವರು. ಲೆಕ್ಕ ಪುಸ್ತಕದಲ್ಲಿ ಉಳಿದರೆ ಏನು ಪ್ರಯೋಜನ? 115 ದಾಟಿದರೆ ಮೋರಿಯ ಬಾಯಿ ನೋಡಲು ಇಬ್ಬರು ಹೋಗಬೇಕು, ಕಾಯಿಲೆಯವರನ್ನು ಮೊದಲೇ ಆಚೆ ಸಂಬಂಧಿಕರ ಮನೆಗೆ ಕಳಿಸಬೇಕು ಎಂದು ಮಾತಾಯಿತು. ಗುಡ್ಡೆಯಲ್ಲಿ ಹೊಸ ಬಿರುಕು, ಮರ ವಾಲುವುದು, ಇಲ್ಲದ ಕಡೆ ಕೆಸರು ನೀರು ಚಿಮ್ಮುವುದು, ಜೋರು ಮಳೆಯಲ್ಲೂ ತೋಡಿನ ನೀರು ಒಮ್ಮೆಲೇ ಕಮ್ಮಿಯಾಗುವುದು – ಇವು ಕಂಡರೆ ಅಳತೆ ನೋಡುತ್ತಾ ಕೂರಬಾರದು, ಮನೆ ಬಿಡಬೇಕು.

ಸೇತುವೆಯೇ ಬೇಕೆಂದು ಹತ್ತು ವರ್ಷ ಕಾಯುವವರಿಗೆ ಒಂದು ಮಾತು. ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ ಗಿರೀಶ್ ಭಾರದ್ವಾಜರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಶುರುವಾದದ್ದು ನೂರಕ್ಕೂ ಹೆಚ್ಚು ತೂಗುಸೇತುವೆ ಆಯಿತು. ವಾಹನ ಹೋಗದಿದ್ದರೂ ಮಕ್ಕಳು, ಕಾಯಿಲೆಯವರು ದಾಟಿದರೆ ಅರ್ಧ ಕಷ್ಟ ಕಳೆದ ಹಾಗೆ.

ಜುಲೈಯ ಮಾತು ಅಕ್ಟೋಬರಿಗೆ ಮುಟ್ಟಬೇಕು

ಪಂಚಾಯತಿಯ ಮುಂದಿನ ವರ್ಷದ ಯೋಜನೆಗೆ ಜನರ ಬೇಡಿಕೆ ಸೇರಿಸುವ ಆಂದೋಲನ 2018ರಲ್ಲಿ ಅಕ್ಟೋಬರ್ 2ರಂದು ಶುರುವಾದದ್ದು. ಆ ಹೊತ್ತಿಗೆ ತೋಡಿನಲ್ಲಿ ಕಾಲು ತೊಳೆಯುವಷ್ಟೇ ನೀರು. ಎಲ್ಲರಿಗೂ ಮದ್ದು ಬಿಡುವ, ಕೊಯಿಲಿನ ಚಿಂತೆ. ಮಳೆ ಮರೆತು ಹೋಗಿರುತ್ತದೆ. ಆದ್ದರಿಂದ ಜುಲೈಯಲ್ಲೇ ಫೋಟೊ ತೆಗೆದು, ನೀರು ಏರಿದ ಗುರುತು ಹಾಕಿ ಇಡಬೇಕು.

ವಾರ್ಡ್ ಸಭೆಯಲ್ಲಿ "ನಮ್ಮ ರಸ್ತೆ ಸರಿ ಮಾಡಿ" ಎಂದರೆ ಅದು ಗಲಾಟೆ. "ನಂಬ್ರ 3ರ ಮೋರಿ, ಒಂದಡಿಯ ಎರಡು ಪೈಪು, ಆಚೆ ಹನ್ನೊಂದು ಮನೆ, 2018, 2019, 2022ರಲ್ಲಿ ಕಡಿದಿದೆ, ನಾಲ್ಕಡಿ ಚೌಕ ಮೋರಿ ಬೇಕು" ಎಂದು ಬರೆದು ಕೊಟ್ಟರೆ ಅದು ಬೇಡಿಕೆ. ಅದು ನಡಾವಳಿಯಲ್ಲಿ ಬಂತೇ ಎಂದು ಓದಿಸಿ ಕೇಳಿ, ಆಮೇಲೆ ಗ್ರಾಮಸಭೆಯಲ್ಲಿ ಮತ್ತೆ ಹೇಳಿ. ರಸ್ತೆ ಗ್ರಾಮ ಪಂಚಾಯತಿನದ್ದೋ, ಜಿಲ್ಲಾ ಪಂಚಾಯತಿನದ್ದೋ, ಲೋಕೋಪಯೋಗಿಯದ್ದೋ ಎಂದು ಮೊದಲೇ ತಿಳಿದುಕೊಳ್ಳಿ. ಅಲ್ಲದ ಆಫೀಸಿಗೆ ಕೊಟ್ಟ ಅರ್ಜಿ ಬೇಗ ತಿರುಗಿ ಬರುವುದಿಲ್ಲ.

ಹಣದ ಮಿತಿಯೂ ನಮಗೆ ಗೊತ್ತಿರಬೇಕು. 2021ರಿಂದ 2026ರ ಮಾರ್ಚ್ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ರಸ್ತೆ, ಮೋರಿಗೆಲ್ಲ ಉಳಿದ 40ರಲ್ಲೇ ಹಂಚಿಕೆ. ವಿಪತ್ತು ಪರಿಹಾರದ ನಿಧಿ ಹಾಳಾದದ್ದನ್ನು ತುರ್ತಾಗಿ ಸರಿಪಡಿಸಲು ಇರುವುದು, ಹೊಸತು ಕಟ್ಟಲಿಕ್ಕಲ್ಲ. ಹಾಗಾಗಿ ಹತ್ತು ಕೇಳಬೇಡಿ, ಮೊದಲು ಕಡಿಯುವ ಒಂದನ್ನು ಕೇಳಿ.

ನಮ್ಮ ಚೌಕ ಮೋರಿ ಎರಡು ವರ್ಷದ ಓಡಾಟದ ನಂತರ, 2024ರ ಮಳೆಗೆ ಮುಂಚೆ ಆಯಿತು. ಆ ಜುಲೈಯಲ್ಲಿ ನೀರು ಮೋರಿಯ ಅರ್ಧಕ್ಕೆ ಏರಿತು, ರಸ್ತೆ ನಿಂತಿತು. ತಿರುವಿನ ಬರೆ ಇನ್ನೂ ಹಾಗೆಯೇ ಇದೆ, ಪಟ್ಟಿಯಲ್ಲಿ ಮುಂದಿನದ್ದು ಅದೇ. ಆಚೆಮನೆಯ ಅಣ್ಣ ಈಗ ಎಡಗೈಯಲ್ಲಿ ಬರೆಯಲು ಕಲಿತಿದ್ದಾರೆ. ಊರಿನ ಮಳೆ ಲೆಕ್ಕದ ಪುಸ್ತಕ ಅವರ ಹತ್ತಿರವೇ ಇದೆ. 115 ದಾಟಿದ ದಿನ ಮೊದಲ ಫೋನು ಅವರದ್ದು.

ನಿಮ್ಮ ಊರಿನ ಮೋರಿಯ ಬಾಯಿ ಎಷ್ಟು ಅಡಿ? ಈ ಮಳೆಗೆ ಮೊದಲು ಒಮ್ಮೆ ಟೇಪು ಹಿಡಿದು ನೋಡಿ. ಜೊತೆಗೆ ನಿಮ್ಮ ತೋಟದ ಬದಿಯ ತೋಡನ್ನೂ ಅಳೆಯಿರಿ.